ಕಛ್‌ನ ಮಣ್ಣು, ನಮ್ಮ ಬಾಣಲೆಯ ಎಣ್ಣೆ

"ರಿಫೈನ್ಡ್ ಎಣ್ಣೆಗೆ ಮಣ್ಣು, ಆಸಿಡ್ ಎಲ್ಲಾ ಹಾಕ್ತಾರೆ, ತಿನ್ನೋ ಮುಂಚೆ ಯೋಚಿಸಿ" ಅನ್ನುವ ವಾಟ್ಸಾಪ್ ಮೆಸೇಜು ವರ್ಷಕ್ಕೆರಡು ಸಲವಾದರೂ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಸುತ್ತು ಹೊಡೆಯುತ್ತದೆ. ಕಳಿಸುವವರು ಚಳ್ಳಕೆರೆಯ ನಮ್ಮ ದೊಡ್ಡಮ್ಮ. ಕಳಿಸಿದ ಮೇಲೆ ಕೆಳಗೆ ನನ್ನ ಹೆಸರು ಹಾಕಿ "ಇದು ನಿಜಾನೇನೇ?" ಅಂತ ಕೇಳುವುದನ್ನು ಮರೆಯುವುದಿಲ್ಲ. ಯಾಕೆಂದರೆ ನಾನು ಕೆಲಸ ಮಾಡುವುದೇ ಮಂಗಳೂರಿನ ಒಂದು ಎಣ್ಣೆ ರಿಫೈನರಿಯ ಲ್ಯಾಬಿನಲ್ಲಿ.

ನಿಜ. ಮಣ್ಣು ಹಾಕುತ್ತೇವೆ. ನೂರು ಕಿಲೋ ಎಣ್ಣೆಗೆ ಹೆಚ್ಚುಕಡಿಮೆ ಒಂದು ಕಿಲೋ. ಅದನ್ನು ಪೂರ್ತಿ ಸೋಸಿ ತೆಗೆಯುತ್ತೇವೆ ಅನ್ನುವುದನ್ನು ಮೆಸೇಜು ಹೇಳುವುದಿಲ್ಲ. ಆ ಮಣ್ಣು ಏನೇನನ್ನು ಹೊತ್ತುಕೊಂಡು ಹೋಗುತ್ತದೆ ಅನ್ನುವುದನ್ನಂತೂ ಹೇಳುವುದೇ ಇಲ್ಲ.

ಕಳೆದ ಜನವರಿಯಲ್ಲಿ ಆ ಮಣ್ಣಿನ ಊರಿಗೇ ಹೋಗಿ ಬರುವ ಅವಕಾಶ ಸಿಕ್ಕಿತು. ಗುಜರಾತಿನ ಕಛ್ ಜಿಲ್ಲೆಯ ಮಾಂಡವಿ ತಾಲ್ಲೂಕಿನ ಒಂದು ಚಿಕ್ಕ ಘಟಕ ನಮಗೆ ಬ್ಲೀಚಿಂಗ್ ಮಣ್ಣಿನ ಸ್ಯಾಂಪಲ್ ಕಳಿಸಿತ್ತು. ದೊಡ್ಡ ಕಂಪನಿಗಳ ರೇಟಿಗಿಂತ ಕಡಿಮೆ. ಆರ್ಡರ್ ಕೊಡುವ ಮುಂಚೆ ಒಬ್ಬರು ಹೋಗಿ ನೋಡಿ ಬರಲಿ ಎಂದು ಆಫೀಸಿನವರು ತೀರ್ಮಾನಿಸಿದರು. ಜೊತೆಗೆ ಎರಡು ದಿನ ರಜೆ ಸೇರಿಸಿಕೊಂಡು ನಾನು ಮುಂಬೈವರೆಗೆ ವಿಮಾನ, ಅಲ್ಲಿಂದ ಭುಜ್‌ಗೆ ರಾತ್ರಿ ರೈಲು ಹಿಡಿದೆ.

ಬೆಳಗ್ಗೆ ಕಣ್ಣು ಬಿಟ್ಟರೆ ಕಿಟಕಿಯಾಚೆ ನಮ್ಮ ಬಳ್ಳಾರಿ ಜಾಲಿ! ಮೈಲಿಗಟ್ಟಲೆ ಅದೇ. ಪಕ್ಕದ ಸೀಟಿನವರು ಅದಕ್ಕೆ 'ಗಾಂಡೊ ಬಾವಳ್' ಅಂದರು, ಅಂದರೆ ಹುಚ್ಚು ಜಾಲಿ. ಚಳ್ಳಕೆರೆಯವಳಿಗೆ ಇದಕ್ಕಿಂತ ಒಳ್ಳೆಯ ಸ್ವಾಗತ ಇನ್ನೇನು ಬೇಕು. ಅದೇ ಒಣ ಬಯಲು, ಅದೇ ಕುರಿ ಮಂದೆ, ಅದೇ ಬಿಸಿಲು.

ಕಛ್ ಅಂದರೆ ನಮಗೆಲ್ಲ ಬಿಳಿ ರಣ, ಟೆಂಟು, ಹುಣ್ಣಿಮೆ ರಾತ್ರಿಯ ಫೋಟೋ. ಅದು ಉತ್ತರಕ್ಕೆ. ನಾನು ಹೋಗಬೇಕಾದದ್ದು ಭುಜ್‌ನಿಂದ ದಕ್ಷಿಣಕ್ಕೆ, ಸಮುದ್ರದ ಕಡೆ. 2001ರ ಜನವರಿ 26ರ ಭೂಕಂಪದಲ್ಲಿ ನೆಲಸಮವಾಗಿದ್ದ ಊರು ಭುಜ್. ಈಗ ಅಗಲ ರಸ್ತೆ, ಹೊಸ ಬಡಾವಣೆ ಎಲ್ಲ ಆಗಿದೆ. ಹಮೀರ್‌ಸರ್ ಕೆರೆಯ ದಡದಲ್ಲಿ ದಾಬೇಲಿ ತಿಂದೆ. ಮಾಂಡವಿಯಲ್ಲೇ ಹುಟ್ಟಿದ ತಿಂಡಿ ಅದು ಅಂತಾರೆ. ಬೆಂಗಳೂರಿನ ದಾಬೇಲಿಗೂ ಇದಕ್ಕೂ ಹೋಲಿಕೆ ಬೇಡ, ಬೇಜಾರಾಗುತ್ತೆ.

ಘಟಕದ ಮಾಲೀಕರು ಅರವತ್ತು ದಾಟಿದವರು. ತಾವೇ ಹಳೇ ಜೀಪಿನಲ್ಲಿ ಕರೆದುಕೊಂಡು ಹೋಗಲು ಬಂದಿದ್ದರು. ಅವರು ನನ್ನನ್ನು 'ಬೆನ್' ಅಂತ ಕರೆದರು, ನಾನು 'ಕಾಕಾ' ಅಂದೆ. ಇಬ್ಬರದೂ ಹರಕು ಮುರುಕು ಹಿಂದಿ. ಅವರದು ಗುಜರಾತಿ ಬೆರೆತದ್ದು, ನನ್ನದು ದೂರದರ್ಶನದ್ದು.

ಮೊದಲು ಗಣಿಗೆ ಹೋದೆವು. ಗಣಿ ಅಂದರೆ ಸಂಡೂರಿನ ಹಾಗೆ ಗುಡ್ಡ ಕಡಿದ ಜಾಗ ಕಲ್ಪಿಸಿಕೊಂಡಿದ್ದೆ. ಇದು ಬಯಲಿನಲ್ಲಿ ತೋಡಿದ ದೊಡ್ಡ ಹೊಂಡ ಅಷ್ಟೆ. ಮೇಲೆ ಕೆಂಪು ಜಂಬಿಟ್ಟಿಗೆ, ಅದರ ಕೆಳಗೆ ಹಸಿರು ಮಿಶ್ರಿತ ಬೂದು, ಅಲ್ಲಲ್ಲಿ ಹಳದಿ. ಆ ಬೂದು ಪದರವೇ ಬೆಂಟೊನೈಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರಸ್ಥಭೂಮಿಯನ್ನು ಹೊದ್ದ ಲಾವಾರಸದ ಒಂದು ಅಂಚು ಕಛ್‌ನಲ್ಲೂ ಇದೆ. ಬೆಳಗಾವಿ, ಕಲಬುರಗಿ ಕಡೆಯ ಕಪ್ಪು ಕಲ್ಲು, ಎರೆಮಣ್ಣು ಹುಟ್ಟಿದ್ದೂ ಅದೇ ಲಾವಾದಿಂದ. ಇಲ್ಲಿ ಆ ಕಲ್ಲು ನೀರಿನ ಜೊತೆ ಕಾಲಾಂತರದಲ್ಲಿ ಬದಲಾಗುತ್ತಾ ಈ ಜೇಡಿಯಾಯಿತು. ಹಾಗಾಗಿ ಇದು ನಮ್ಮ ಎರೆಭೂಮಿಗೆ ದಾಯಾದಿಯೇ. ಬೇಸಿಗೆಯಲ್ಲಿ ಎರೆಹೊಲ ಬಾಯಿ ಬಿಡುವುದಕ್ಕೂ, ಮಳೆ ಬಂದರೆ ಕಾಲಿಗೆ ಅಂಟಿ ಬಿಡದಿರುವುದಕ್ಕೂ ಇದೇ ಜಾತಿಯ ಜೇಡಿಯೇ ಕಾರಣ.

ಕಾಕಾ ಒಂದು ಒಣ ಹೆಂಟೆ ಮುರಿದು ನಾಲಿಗೆಗೆ ತಾಗಿಸಿಕೊಳ್ಳಲು ಹೇಳಿದರು. ತಾಗಿಸಿದೆ. ಪಚಕ್ ಅಂತ ಅಂಟಿಕೊಂಡಿತು, ಎಳೆದು ಕಿತ್ತುಕೊಳ್ಳಬೇಕಾಯಿತು. "ಇಷ್ಟು ಬಾಯಾರಿಕೆ ಇರೋ ಮಣ್ಣು ಬೆನ್, ಎಣ್ಣೆಯಲ್ಲಿರೋ ಕೊಳೆ ಬಿಡುತ್ತಾ?" ಅಂದರು. ಅದು ನಿಜವಾದ ಪರೀಕ್ಷೆ ಅಲ್ಲ ಅನ್ನುವುದು ಅವರಿಗೂ ಗೊತ್ತು. ಆದರೂ ಬಂದವರಿಗೆಲ್ಲ ಇದನ್ನೇ ಮಾಡಿಸುತ್ತಾರೇನೋ.

ಎಲ್ಲ ಬೆಂಟೊನೈಟೂ ಎಣ್ಣೆಗೆ ಆಗುವುದಿಲ್ಲ. ಸೋಡಿಯಂ ಜಾಸ್ತಿ ಇರುವ ಜಾತಿ ನೀರು ಕುಡಿದು ಹಲವು ಪಟ್ಟು ಉಬ್ಬುತ್ತದೆ. ಅದು ಕೊಳವೆಬಾವಿ, ತೈಲಬಾವಿ ಕೊರೆಯುವವರಿಗೆ, ಎರಕದ ಅಚ್ಚು ಮಾಡುವವರಿಗೆ, ಬೆಕ್ಕಿನ ಲಿಟ್ಟರ್ ಮಾರುವವರಿಗೆ ಹೋಗುತ್ತದೆ. ಕಬ್ಬಿಣದ ಅದಿರಿನ ಪುಡಿಯನ್ನು ಉಂಡೆ ಕಟ್ಟಲು ಅಂಟಾಗಿಯೂ ಬೇಕು. ನಮ್ಮ ಪಣಂಬೂರಿನ ಪೆಲೆಟ್ ಕಾರ್ಖಾನೆಗೆ ಬೆಂಟೊನೈಟ್ ಬರುವುದು ಇದಕ್ಕೇ. ಎಣ್ಣೆಗೆ ಒಗ್ಗುವುದು ಅಷ್ಟು ಉಬ್ಬದ, ಕ್ಯಾಲ್ಸಿಯಂ ಜಾತಿ.

ಅಗೆದ ಮಣ್ಣನ್ನು ಅಂಗಳದಲ್ಲಿ ಹರಡಿ ಒಣಗಿಸುತ್ತಾರೆ, ಥೇಟ್ ನಮ್ಮಲ್ಲಿ ಶೇಂಗಾ ಹರಡಿದ ಹಾಗೆ. ಹತ್ತಿಪ್ಪತ್ತು ಹೆಂಗಸರು ತಲೆಗೆ ಬಟ್ಟೆ ಸುತ್ತಿಕೊಂಡು ಹೆಂಟೆ ಒಡೆಯುತ್ತಾ, ಕಲ್ಲು ಆರಿಸುತ್ತಾ ಕೂತಿದ್ದರು. ಮಳೆಗಾಲದಲ್ಲಿ ಈ ಕೆಲಸ ಇಲ್ಲ. ಒಣಗಿದ್ದನ್ನು ಶೆಡ್ಡಿನಲ್ಲಿ ತುಂಬಿಟ್ಟುಕೊಂಡು ವರ್ಷಪೂರ್ತಿ ಬಳಸಬೇಕು. ಒಬ್ಬಾಕೆ ತನ್ನ ತಲೆ ತೋರಿಸಿ ನಗುತ್ತಾ ಏನೋ ಅಂದಳು. ಕಾಕಾ ಅನುವಾದ ಮಾಡಿದರು: ಇದೇ ಮಣ್ಣಲ್ಲಿ ತಲೆ ತೊಳೆದರೆ ಶಾಂಪೂ ಬೇಡ. ನಾವು ಆನ್‌ಲೈನಲ್ಲಿ ಪ್ಯಾಕೆಟ್ಟಿಗೆ ನೂರಿನ್ನೂರು ಕೊಟ್ಟು ತರಿಸಿಕೊಳ್ಳುವ ಮುಲ್ತಾನಿ ಮಿಟ್ಟಿಯೂ ಇದೇ ಮನೆತನದ್ದು. ಮುಖದ ಜಿಡ್ಡು ಹೀರುವ ಗುಣವೇ ಎಣ್ಣೆ ರಿಫೈನರಿಗೂ ಬೇಕಾದದ್ದು. ಯುರೋಪಿನಲ್ಲಿ ಶತಮಾನಗಳ ಕಾಲ ಉಣ್ಣೆಯ ಜಿಡ್ಡು ತೆಗೆಯಲು ಇಂಥ ಮಣ್ಣನ್ನು ತುಳಿಯುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಕೊನೆಗೆ ಅಮೆರಿಕದವರು ಅದನ್ನು ಹತ್ತಿಬೀಜದ ಕಪ್ಪೆಣ್ಣೆಗೆ ಹಾಕಿ ನೋಡಿದರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜರ್ಮನಿಯ ಬವೇರಿಯಾದವರು ಮಣ್ಣಿಗೆ ಆಸಿಡ್ ಕೊಟ್ಟರೆ ಇನ್ನೂ ಚುರುಕಾಗುತ್ತದೆ ಅನ್ನುವುದನ್ನು ಉದ್ಯಮವನ್ನಾಗಿಸಿದರು.

ಆ ಆಸಿಡ್ ವಿಚಾರಕ್ಕೆ ಬರೋಣ, ದೊಡ್ಡಮ್ಮನ ಮೆಸೇಜಿನ ಎರಡನೇ ಅರ್ಧ.

ಈ ಜೇಡಿಯ ಒಳಗಿನ ರಚನೆ ಚಿರೋಟಿಯ ಹಾಗೆ, ಪದರದ ಮೇಲೆ ಪದರ. ಪದರಗಳ ನಡುವೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂತಿರುತ್ತವೆ. ಮಣ್ಣನ್ನು ನೀರಲ್ಲಿ ಕಲಸಿ, ಗಂಧಕಾಮ್ಲ ಸೇರಿಸಿ, ಕುದಿಯುವ ಹತ್ತಿರದ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಆಸಿಡ್ ಆ ಕ್ಯಾಲ್ಸಿಯಂ ಅನ್ನು ಎಬ್ಬಿಸಿ ತಾನು ಕೂರುತ್ತದೆ, ಪದರದ ಒಳಗಿರುವ ಅಲ್ಯೂಮಿನಿಯಂ, ಕಬ್ಬಿಣವನ್ನೂ ಅಂಚಿನಿಂದ ಕರಗಿಸುತ್ತಾ ಬರುತ್ತದೆ. ಚಿರೋಟಿಯ ಅಂಚು ಪುಡಿಪುಡಿಯಾಗಿ ಅರಳಿಕೊಂಡ ಹಾಗೆ ಮಣ್ಣಿನ ತುಂಬ ಸಣ್ಣ ಸಣ್ಣ ರಂಧ್ರಗಳಾಗುತ್ತವೆ. ಚೆನ್ನಾಗಿ ಬೆಂದ ಒಂದು ಗ್ರಾಂ ಮಣ್ಣಿನ ಒಳಮೈಯನ್ನೆಲ್ಲ ಬಿಡಿಸಿ ಹರಡಿದರೆ ಇನ್ನೂರು ಚದರ ಮೀಟರ್ ದಾಟುತ್ತದೆ. ಬೆಂಗಳೂರಿನ ಭಾಷೆಯಲ್ಲಿ ಹೇಳಬೇಕೆಂದರೆ ಒಂದು ಚಿಟಿಕೆ ಮಣ್ಣಿನಲ್ಲಿ ಎರಡು 30x40 ಸೈಟು!

ಜಾಸ್ತಿ ಬೇಯಿಸಿದರೆ ಕೆಟ್ಟಿತು. ಪದರಗಳೇ ಕುಸಿದು ಬರೀ ಮರಳಿನಂಥ ಸಿಲಿಕಾ ಉಳಿಯುತ್ತದೆ. ಪಾಕದ ಹದ ಇದ್ದ ಹಾಗೆ ಇದು. ಕಾಕಾನ ಹಿರಿಯ ಕೆಲಸಗಾರರೊಬ್ಬರು ಮೂವತ್ತು ವರ್ಷದಿಂದ ಆ ಹದ ನೋಡುತ್ತಿದ್ದಾರಂತೆ. ಲ್ಯಾಬ್ ಇದೆ, ರಿಪೋರ್ಟ್ ಇದೆ, ಆದರೂ ಕೊನೆಗೆ ಅವರು ಬೆರಳಲ್ಲಿ ಉಜ್ಜಿ "ಆಯ್ತು" ಅಂದ ಮೇಲೇ ಇಳಿಸುವುದು.

ಆಮೇಲೆ ತೊಳೆಯುವುದು. ಆಸಿಡ್ ಹೋಗುವವರೆಗೂ ತೊಳೆಯಬೇಕು. ಒಣಗಿಸಿ, ಮೈದಾಗಿಂತ ನುಣ್ಣಗೆ ಬೀಸಿ, ಚೀಲಕ್ಕೆ ತುಂಬುತ್ತಾರೆ. ಪೂರ್ತಿ ಒಣಗಿಸುವ ಹಾಗಿಲ್ಲ, ಒಂದಿಷ್ಟು ತೇವ ಉಳಿಯಲೇಬೇಕು, ಇಲ್ಲದಿದ್ದರೆ ಪದರಗಳು ಒಂದಕ್ಕೊಂದು ಮೆತ್ತಿಕೊಂಡು ಕೆಲಸಕ್ಕೆ ಬಾರದಂತಾಗುತ್ತವೆ. ನನಗೆ ಅಲ್ಲಿ ಕಣ್ಣಿಗೆ ಬಿದ್ದದ್ದು ತೊಳೆಯುವ ನೀರು. ಮಳೆಯೇ ಅಪರೂಪವಾದ ಜಿಲ್ಲೆಯಲ್ಲಿ ತೊಟ್ಟಿಗಟ್ಟಲೆ ನೀರು ಮಣ್ಣು ತೊಳೆಯಲು ಹೋಗುತ್ತದೆ. ಹೊರಬರುವ ಹುಳಿ ನೀರಿಗೆ ಸುಣ್ಣ ಹಾಕಿ ಶಾಂತ ಮಾಡಬೇಕು. ಆ ಸುಣ್ಣದ ಕೆಸರು ಮತ್ತೆ ಎಲ್ಲಾದರೂ ಹೋಗಬೇಕು. ಕಾಕಾನ ಘಟಕದಲ್ಲಿ ತೊಟ್ಟಿಗಳು ಸರಿಯಾಗಿದ್ದವು, ಪಿಎಚ್ ನಾನೇ ನೋಡಿದೆ. ನರ್ಮದೆಯ ಕಾಲುವೆ 2022ರಲ್ಲಿ ಮಾಂಡವಿ ಕಡೆಗೂ ಬಂದ ಮೇಲೆ ಊರವರಿಗೆ ಸ್ವಲ್ಪ ಧೈರ್ಯ ಬಂದಿದೆ. ಆದರೂ ಒಂದು ಚೀಲ ಮಣ್ಣಿನ ಹಿಂದೆ ಇಷ್ಟು ನೀರಿದೆ ಅನ್ನುವುದು ಮಂಗಳೂರಿನ ಲ್ಯಾಬಿನಲ್ಲಿ ಕೂತರೆ ಹೊಳೆಯುವುದಿಲ್ಲ. ಅಲ್ಲಿ ಕಿಟಕಿಯಾಚೆ ಮಳೆಯೋ ಮಳೆ.

ಸರಿ, ಈ ಮಣ್ಣು ನಮ್ಮ ಎಣ್ಣೆಗೆ ಬಂದು ಮಾಡುವುದೇನು?

ನಮ್ಮ ದೇಶ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 1.6 ಕೋಟಿ ಟನ್ ಅಡುಗೆ ಎಣ್ಣೆಯನ್ನು ಹೊರಗಿಂದ ತರಿಸುತ್ತಿದೆ. ಅದರಲ್ಲಿ ದೊಡ್ಡ ಪಾಲು ಇಂಡೋನೇಷ್ಯಾ, ಮಲೇಷ್ಯಾದ ತಾಳೆ ಎಣ್ಣೆ. ಹಡಗಿನಿಂದ ಪಣಂಬೂರಿನಲ್ಲಿ ಇಳಿಯುವಾಗ ಕಚ್ಚಾ ತಾಳೆ ಎಣ್ಣೆ ಕಡು ಕಿತ್ತಳೆ, ಹೆಚ್ಚುಕಡಿಮೆ ಕುಂಕುಮದ ನೀರು. ಅದಕ್ಕೆ ಮೊದಲು ಸ್ವಲ್ಪ ಫಾಸ್ಫಾರಿಕ್ ಆಮ್ಲ ಸೇರಿಸಿ ಅಂಟು ಬಿಡಿಸುತ್ತೇವೆ. ಆಮೇಲೆ ಗಾಳಿ ತೆಗೆದ ಪಾತ್ರೆಯಲ್ಲಿ ನೂರು, ನೂರಾಹತ್ತು ಡಿಗ್ರಿಯಲ್ಲಿ ಮಣ್ಣು ಹಾಕಿ ಅರ್ಧ ಗಂಟೆ ತಿರುಗಿಸುತ್ತೇವೆ. ಗಾಳಿ ಇದ್ದರೆ ಆ ಬಿಸಿಗೆ ಎಣ್ಣೆ ಬೇಗ ಕಮಟುತ್ತದೆ, ಅದಕ್ಕೇ ನಿರ್ವಾತ. ಕೊನೆಗೆ ಉಕ್ಕಿನ ಜಾಲರಿಗಳ ಫಿಲ್ಟರಿನಲ್ಲಿ ಸೋಸುತ್ತೇವೆ.

ಮಣ್ಣು ಇಲ್ಲಿ ಹಿಡಿದಿಟ್ಟುಕೊಳ್ಳುವುದು ಬಣ್ಣವೊಂದನ್ನೇ ಅಲ್ಲ. ಅಂಟಿನ ರಂಜಕ, ಯಂತ್ರ ಮತ್ತು ಟ್ಯಾಂಕಿನಿಂದ ಸೇರಿದ ಕಬ್ಬಿಣ, ತಾಮ್ರದ ಅಂಶ, ಕಮಟಲು ಶುರುವಾದ ಎಣ್ಣೆಯ ಒಡೆದ ತುಣುಕುಗಳು, ಇವೆಲ್ಲ ಅಲ್ಲೇ ಉಳಿಯುತ್ತವೆ. ಇವನ್ನು ಬಿಟ್ಟರೆ ಎಣ್ಣೆ ತಿಂಗಳೊಳಗೆ ವಾಸನೆ ಬರುತ್ತದೆ. ಸೋಯಾ, ಸಾಸಿವೆ ಜಾತಿಯ ಎಣ್ಣೆಯಲ್ಲಾದರೆ ಹಸಿರು ಕ್ಲೋರೋಫಿಲ್ ಕೂಡ. ತಾಳೆ ಎಣ್ಣೆಯಲ್ಲಿ ಕ್ಯಾರೊಟಿನ್, ಅದೇ ಕ್ಯಾರೆಟ್ಟಿನದು, ದೇಹದೊಳಗೆ ವಿಟಮಿನ್ 'ಎ' ಆಗುವಂಥದ್ದು. ಮಣ್ಣು ಸ್ವಲ್ಪ ಕ್ಯಾರೊಟಿನ್ ಹಿಡಿಯುತ್ತದೆ. ಉಳಿದದ್ದು ಮುಂದಿನ ಹಂತದಲ್ಲಿ, ವಾಸನೆ ತೆಗೆಯಲು 250 ಡಿಗ್ರಿ ಆಸುಪಾಸು ಬಿಸಿ ಮಾಡುವಾಗ ಸುಟ್ಟು ಹೋಗುತ್ತದೆ.

ಹೀಗಾಗಿ "ರಿಫೈನ್ಡ್ ವಿಷ, ಗಾಣದೆಣ್ಣೆ ಅಮೃತ" ಅನ್ನುವ ಮಾತು ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ನಾನು ಹುಟ್ಟಿದ್ದೇ ಎಣ್ಣೆ ಮಿಲ್ಲುಗಳ ಊರಿನಲ್ಲಿ. ಶೇಂಗಾ ಕಾಲದಲ್ಲಿ ಚಳ್ಳಕೆರೆಯ ಬೀದಿಗಳ ವಾಸನೆ ಈಗಲೂ ನೆನಪಿದೆ. ಒಳ್ಳೆ ಶೇಂಗಾದಿಂದ ತೆಗೆದ ಹಸಿ ಎಣ್ಣೆಯ ಒಗ್ಗರಣೆಗೆ ಸಮ ಯಾವುದೂ ಇಲ್ಲ, ಒಪ್ಪುತ್ತೇನೆ. ಆದರೆ ಬೂಸ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರುತ್ತದೆ, ಲಿವರಿಗೆ ಕ್ಯಾನ್ಸರ್ ತರುವಂಥದ್ದು. ಅದರ ಬಹುಪಾಲು ಹಿಂಡಿಯಲ್ಲಿ ಉಳಿದರೂ ಒಂದಿಷ್ಟು ಎಣ್ಣೆಗೂ ಇಳಿಯುತ್ತದೆ. ಒಗ್ಗರಣೆಯ ಬಿಸಿಗೆ ಅದು ಪೂರ್ತಿ ಹೋಗುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ಗೊತ್ತಾಗುವುದಿಲ್ಲ. ರಿಫೈನರಿಯ ಕ್ಷಾರ ಮತ್ತು ಈ ಮಣ್ಣು ಅದನ್ನು ಹತ್ತಿರ ಹತ್ತಿರ ಪೂರ್ತಿ ತೆಗೆದುಬಿಡುತ್ತವೆ. ಕೋಳಿ, ದನದ ಆಹಾರಕ್ಕೆ ಬೆಂಟೊನೈಟ್ ಬೆರೆಸುವುದೂ ಈ ವಿಷವನ್ನು ಹೊಟ್ಟೆಯೊಳಗೇ ಹಿಡಿದುಹಾಕಲಿ ಅಂತ. ಗಾಣದೆಣ್ಣೆ ಕೊಳ್ಳುವವರು ಗಾಣ ಮರದ್ದೋ ಕಬ್ಬಿಣದ್ದೋ ಅಂತ ಕೇಳುತ್ತಾರೆ. ಶೇಂಗಾ ಹೇಗಿತ್ತು, ಆರಿಸಿದ್ದೀರಾ ಅಂತ ಕೇಳುವವರು ಕಡಿಮೆ. ದೊಡ್ಡಮ್ಮ ತಾನೇ ಕೂತು ಆರಿಸಿದ ಬೀಜ ಗಾಣಕ್ಕೆ ಕೊಡುತ್ತಾಳೆ, ಅವಳ ಎಣ್ಣೆಗೆ ನನ್ನ ತಕರಾರಿಲ್ಲ.

ನನ್ನ ತಕರಾರು ಇರುವುದು ಬಣ್ಣದ ಬಗ್ಗೆ.

ಎಣ್ಣೆಯ ಬಣ್ಣ ಅಳೆಯುವ ಉಪಕರಣದ ಹೆಸರು ಲೋವಿಬಾಂಡ್. ಆ ಹೆಸರಿನ ಇಂಗ್ಲೆಂಡಿನ ಬಿಯರ್ ತಯಾರಕ 1880ರ ದಶಕದಲ್ಲಿ ತನ್ನ ಬಿಯರಿನ ಬಣ್ಣ ನೋಡಲು ಮಾಡಿಕೊಂಡದ್ದು. ಗಾಜಿನ ಕೋಶದಲ್ಲಿ ಎಣ್ಣೆ ತುಂಬಿ, ಪಕ್ಕದಲ್ಲಿ ಕೆಂಪು, ಹಳದಿ ಗಾಜುಗಳನ್ನು ಜೋಡಿಸುತ್ತಾ ಸರಿಹೊಂದಿಸುವುದು. ವ್ಯಾಪಾರದಲ್ಲಿ ರಿಫೈನ್ಡ್ ಪಾಮೊಲಿನ್ ಅಂದರೆ ಸಾಮಾನ್ಯವಾಗಿ '3 ರೆಡ್'ನೊಳಗೆ ಇರಬೇಕು. ನಮ್ಮ ಮಾರ್ಕೆಟಿಂಗಿನವರಿಗೆ ಇನ್ನೂ ಕಡಿಮೆ ಬೇಕು.

ಕಾಕಾನ ಮಣ್ಣನ್ನು ಅವರ ಪುಟ್ಟ ಲ್ಯಾಬಿನಲ್ಲಿ, ನಾನು ಒಯ್ದಿದ್ದ ನಮ್ಮದೇ ಎಣ್ಣೆಯಲ್ಲಿ ಪರೀಕ್ಷೆ ಮಾಡಿದೆವು. ಮೊದಲ ಸಲ ನೂರಕ್ಕೆ ಒಂದರಂತೆ ಮಣ್ಣು. ಸೋಸಿದ ಎಣ್ಣೆ ಬೀಕರಿನೊಳಗೆ ಇಳಿಯುವವರೆಗೆ ಕಾಕಾ ಮಾತೇ ಆಡಲಿಲ್ಲ. ಅವರಿಗೆ ಈ ಆರ್ಡರ್ ಎಷ್ಟು ಬೇಕಿತ್ತು ಅನ್ನುವುದು ಅಂಗಳದಲ್ಲಿ ಕೂತಿದ್ದ ಹೆಂಗಸರನ್ನು ನೋಡಿದರೇ ಗೊತ್ತಾಗುತ್ತಿತ್ತು. ಹಿಂದಿನ ವರ್ಷ ಒಂದು ಹಳೇ ಗಿರಾಕಿ ಕೈಬಿಟ್ಟಿದ್ದರಿಂದ ವಾರಕ್ಕೆ ನಾಲ್ಕೇ ದಿನ ಕೆಲಸ ಕೊಡುತ್ತಿದ್ದರಂತೆ. ಮಂಗಳೂರಿಗೆ ತಂದು ವಾಸನೆ ತೆಗೆದ ಮೇಲೆ ಅದೇ ಎಣ್ಣೆಯ ಬಣ್ಣ ನಮ್ಮ ಗೆರೆಗಿಂತ ಕೂದಲೆಳೆ ಮೇಲಿತ್ತು. ರಂಜಕ, ಕಬ್ಬಿಣ, ಪೆರಾಕ್ಸೈಡ್ ಎಲ್ಲವೂ ಗೆರೆಯೊಳಗೆ. ಮಣ್ಣನ್ನು 1.2ಕ್ಕೆ ಏರಿಸಿದಾಗ ಬಣ್ಣವೂ ಒಳಗೆ ಬಂತು.

ಆ 0.2 ಇದೆಯಲ್ಲ, ಅದು ಪೂರ್ತಿ ಕಣ್ಣಿಗೆ. ನಾಲಿಗೆಗೂ ಅಲ್ಲ, ಆರೋಗ್ಯಕ್ಕೂ ಅಲ್ಲ. ದಿನಕ್ಕೆ 300 ಟನ್ ಎಣ್ಣೆ ಮಾಡುವ ಒಂದು ಘಟಕ ಅಂದುಕೊಳ್ಳಿ. 0.2 ಅಂದರೆ ದಿನಕ್ಕೆ 600 ಕಿಲೋ ಹೆಚ್ಚುವರಿ ಮಣ್ಣು. ಬಳಸಿದ ಮಣ್ಣು ಫಿಲ್ಟರಿನಿಂದ ಹೊರಬರುವಾಗ ತನ್ನ ತೂಕದ ನಾಲ್ಕನೇ ಒಂದು ಭಾಗದಷ್ಟು ಎಣ್ಣೆ ಹೀರಿಕೊಂಡಿರುತ್ತದೆ. ಲೆಕ್ಕ ಹಾಕಿದರೆ ಸುಮಾರು 200 ಕಿಲೋ ಎಣ್ಣೆ, ದಿನಾ, ಮಣ್ಣಿನ ಜೊತೆ ಕಸಕ್ಕೆ. ಆ ಕಸವೂ ಸಾಧು ಅಲ್ಲ. ನುಣ್ಣನೆ ಮಣ್ಣಿಗೆ ತೆಳ್ಳಗೆ ಹರಡಿಕೊಂಡ ಎಣ್ಣೆ ಗಾಳಿಯ ಜೊತೆ ಸೇರಿ ಬಿಸಿಯಾಗುತ್ತಾ ಹೋಗಿ ತಾನೇ ತಾನಾಗಿ ಹೊತ್ತಿಕೊಳ್ಳುತ್ತದೆ. ರಾತ್ರಿ ಪಾಳಿಯಲ್ಲಿ ರಾಶಿಯಿಂದ ಹೊಗೆ ಏಳುವುದನ್ನು ನಾನು ನೋಡಿದ್ದೇನೆ. ನೀರು ಚಿಮುಕಿಸುತ್ತಾ, ಬೇಗ ಬೇಗ ಲಾರಿಗೆ ತುಂಬಿ ಇಟ್ಟಿಗೆ ಗೂಡಿಗೋ ಸಿಮೆಂಟ್ ಕಾರ್ಖಾನೆಗೋ ಕಳಿಸಬೇಕು. ಆ ರಾಶಿಯ ಪಕ್ಕ ಕೆಲಸ ಮಾಡುವವರು ಗುತ್ತಿಗೆಯ ಹುಡುಗರು.

ಇಷ್ಟೆಲ್ಲ ಆಗುವುದು ಸೂಪರ್‌ಮಾರ್ಕೆಟ್ಟಿನ ಶೆಲ್ಫಿನಲ್ಲಿ ಎರಡು ಬಾಟಲಿ ಅಕ್ಕಪಕ್ಕ ಇಟ್ಟಾಗ ನಾವು ತಿಳಿಯಾಗಿರುವುದನ್ನೇ ಎತ್ತಿಕೊಳ್ಳುತ್ತೇವೆ ಅನ್ನುವ ಕಾರಣಕ್ಕೆ. ತಿಳಿ ಅಂದರೆ ಶುದ್ಧ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಇಡೀ ಬಾಟಲಿಯನ್ನು ಬಾಣಲೆಗೆ ಸುರಿದು ಬೋಂಡಾ ಕರಿದರೆ ಅರ್ಧ ಗಂಟೆಗೆ ಆ ತಿಳಿ ಎಲ್ಲಿ ಉಳಿಯುತ್ತೆ ಹೇಳಿ!

ಕಾಕಾ ಹೊರಡುವ ದಿನ ಮಾಂಡವಿಯ ರುಕ್ಮಾವತಿ ನದಿ ದಡಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಈಗಲೂ ಕೈಯಲ್ಲೇ ಮರದ ಹಡಗು ಕಟ್ಟುತ್ತಾರೆ, ಮೂರು ಮಹಡಿ ಮನೆಯಷ್ಟು ಎತ್ತರದ್ದು. ಹಲಗೆಗಳ ಸಂದಿಗೆ ಹತ್ತಿ ತುರುಕುತ್ತಿದ್ದ ಹುಡುಗರನ್ನು ನೋಡುತ್ತಾ ಕೇಳಿದರು: "ನಿಮ್ಮವರು ಸ್ವಲ್ಪ ಹಳದಿ ಎಣ್ಣೆ ಮಾರಿದರೆ ಏನಾಗುತ್ತೆ ಬೆನ್?" ಮಣ್ಣು ಮಾರುವವರೇ ಹೀಗೆ ಕೇಳಿದ್ದಕ್ಕೆ ನನಗೆ ನಗು ಬಂತು. "ಕಡಿಮೆ ಮಣ್ಣು ಹೋಗುತ್ತೆ ಕಾಕಾ, ನಿಮಗೇ ನಷ್ಟ" ಅಂದೆ. "ಹೊಂಡ ತುಂಬೋಕೆ ಆಗಲ್ಲ, ಅಗೆಯೋದು ಒಂದೇ ಸುಲಭ" ಅಂದು ಸುಮ್ಮನಾದರು.

ರಿಪೋರ್ಟಿನಲ್ಲಿ ಎರಡು ಸಾಲು ಬರೆದೆ. ಮಣ್ಣು ಚೆನ್ನಾಗಿದೆ, ತೆಗೆದುಕೊಳ್ಳಬಹುದು ಎಂದು ಒಂದು. ಬಣ್ಣದ ಗೆರೆಯನ್ನು ಸಡಿಲಿಸಿ 3ರವರೆಗೆ ಬಿಟ್ಟರೆ ಒಂದರ ಡೋಸೇ ಸಾಕು ಎಂದು ಇನ್ನೊಂದು. ಮೊದಲನೆಯದಕ್ಕೆ ಪರ್ಚೇಸಿನವರು ಮೂರು ತಿಂಗಳ ಟ್ರಯಲ್ ಆರ್ಡರ್ ಕೊಟ್ಟರು. ಎರಡನೆಯದಕ್ಕೆ ಮಾರ್ಕೆಟಿಂಗಿನಿಂದ ಒಂದೇ ಸಾಲಿನ ಉತ್ತರ ಬಂತು: ಪಕ್ಕದ ಬ್ರ್ಯಾಂಡ್ ನಮಗಿಂತ ತಿಳಿಯಾಗಿ ಕಾಣುತ್ತದೆ.

ಮೊದಲ ಲೋಡು ಮಾರ್ಚ್ ಎರಡನೇ ವಾರ ಬಂತು. ಚೀಲಕ್ಕೆ 25 ಕಿಲೋ, ಮೇಲೆ ಗುಜರಾತಿ ಅಕ್ಷರ. ಕಾಕಾ ಫೋನ್ ಮಾಡಿ ಹೆಂಗಸರಿಗೆ ಮತ್ತೆ ಆರು ದಿನ ಕೆಲಸ ಅಂದರು. ಬ್ಯಾಚ್ ಶೀಟಿನ ಡೋಸ್ ಕಾಲಮ್ಮಿನಲ್ಲಿ ನಾನು 1.2 ಎಂದು ಬರೆದೆ.